ಸೀರೆಗಳ ಗೋಡೆ

"ಏ, ಯಾರಂವಾ! ಗ್ವಾಡಿ ಇಳೀತಿಯೋ, ಬಡಿಗಿ ತರ್ಲ್ಯೋ?"

ಜೆನಿಫರ್ ಕೂಗಿದ ರಭಸಕ್ಕೆ ಹಿತ್ತಲ ಗೋಡೆಯ ಮೇಲಿದ್ದ ಯುವಕನ ಕೈಯಿಂದ ಅಳತೆಯ ಟೇಪು ಜಾರಿ, ಅವಳು ಹೊಲಿಯುತ್ತಿದ್ದ ಕೌದಿಯ ಮೇಲೆ ಬಿತ್ತು.

"ಕಳ್ಳ ಅಲ್ರೀ... ನಾ ರೋಹಿತ. ದಾಂಡೇಲಿ ಹಳೇ ಮಾರ್ಕೆಟ್ ಕೆಡವಿ ಹೊಸಾದು ಕಟ್ತಾರಲ್ರೀ, ಅದರ ನಕ್ಷೆ ಬರಿಯಾಂವ."

"ನಕ್ಷೆ ಬರಿಯಾವ್ರು ಮುಂಬಾಗಲಿಂದ ಬರೂದಿಲ್ಲೇನು?"

ಅವನು ನಕ್ಕ. ಅವಳಿಗೆ ಸಿಟ್ಟು ಬರಬೇಕಿತ್ತು... ಬರಲಿಲ್ಲ!

ಆಮೇಲೆ ಅವನು ಮಾರ್ಕೆಟ್ಟಿನಿಂದ ಹಿತ್ತಲಿಗೆ ಬರುವ ಸಣ್ಣ ಹಾದಿ ಹಿಡಿದು ಬರತೊಡಗಿದ, ಅವಳ ಅವ್ವ ಕೂಲಿಗೆ ಹೋದ ಹೊತ್ತು ನೋಡಿ. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದೆಲ್ಲ ಕೇಳುತ್ತಿದ್ದ.

"ಮನಿಯೊಳಗ ಹಗಲಿಗೂ ಕತ್ತಲ," ಎಂದಿದ್ದಳು ಅವಳು. "ಕೌದಿ ಹೊಲಿಯೂದು, ಒಗದು ಒಣಗಸೂದು ಎಲ್ಲಾ ಈ ಹಿತ್ತಲ ಅಂಗಳದಾಗ. ಈ ಬಿಸಿಲ ನಮಗ ಅನ್ನ."

ಒಂದು ದಿನ ಮಾರ್ಕೆಟ್ಟಿನಲ್ಲಿ ನಕ್ಷೆ ತೂಗುಹಾಕಿದರು. ಅವಳ ಗೋಡೆಗೆ ಒತ್ತಿಕೊಂಡೇ ಎರಡಂತಸ್ತಿನ ಮಳಿಗೆ! ಕೆಳಗೆ ರೋಹಿತನ ಹೆಸರು.

'ಬಿಸಿಲು ಕೇಳಿದ್ದು ಅದನ್ನ ಕಸಿಯಾಕೇನು...?'

ಹಿತ್ತಲ ಬಾಗಿಲಿಗೆ ಅಗಳಿ ಬಿತ್ತು. ಅವನು ಬಂದು ಬಡಿದ, ಕರೆದ. ಅವಳು ಒಳಗೇ ಕೂತು ಅತ್ತಳು, ತೆಗೆಯಲಿಲ್ಲ.

ಜನವರಿಯ ಒಂದು ಬೆಳಗ್ಗೆ ಅಂಗಳಕ್ಕೆ ಬಿಸಿಲೇ ಬರಲಿಲ್ಲ. ಹೊರಗೆ ಓಡಿ ನೋಡಿದರೆ, ಗೋಡೆಯಾಚೆ ಎರಡು ಎತ್ತರದ ಬಿದಿರು, ನಡುವೆ ಹಗ್ಗ, ಹಗ್ಗದ ತುಂಬ ಒಂದಕ್ಕೊಂದು ಹೊಲಿದ ಸೀರೆಗಳು. ಕಟ್ಟಡ ಶುರು ಮಾಡುವವರು ಹೀಗೇ ಪರದೆ ಕಟ್ಟುತ್ತಾರೆ!

ಕೈಯಲ್ಲಿ ಕತ್ತರಿ ಇತ್ತು. ನೆಟ್ಟಗೆ ಹೋಗಿ, ಗೂಟಕ್ಕೆ ಬಿಗಿದಿದ್ದ ಹಗ್ಗಕ್ಕೆ ಇಟ್ಟಳು.

"ಬ್ಯಾಡ ಜೆನಿ... ನಾ ಹೇಳೂದರ ಕೇಳು!" ಬಿದಿರಿನ ಹಿಂದಿನಿಂದ ರೋಹಿತ ಕೂಗಿದ.

"ಇಷ್ಟು ದಿನಾ ಕೇಳೇ ಹಾಳಾದೆ!"

ಸೀರೆಗಳು ಮಣ್ಣಿಗೆ ಬಿದ್ದವು. ರೋಹಿತ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕೊಡವತೊಡಗಿದ.

"ಅಯ್ಯ ನಿನ್ನ! ನನ್ನ ಇಳಕಲ್ ಸೀರಿ!" ಪಕ್ಕದ ಮನೆಯ ಮಾಲವ್ವ ಓಡಿ ಬಂದಳು. "ಮಾರ್ಕೆಟ್ ಕಟ್ಟಸೂ ಸಾಹೇಬ್ರು ಜಾಗಾ ನೋಡಾಕ ಇನ್ನೇನ ಬರ್ತಾರ. ಮಳಿಗಿ ಎದ್ರ ನೆರಳು ಎಲ್ಲಿ ಬೀಳತೈತಿ ತೋರಸಾಕ ಈ ಹುಡುಗ ಮನಿ ಮನಿ ತಿರುಗಿ ಸೀರಿ ಬೇಡ್ಯಾನ. ನಿನ್ನ ಬಾಗಲಾನೂ ಬಡದಿದ್ದ. ತಗದ್ಯೇನ ನೀ?"

ಜೆನಿಫರ್ ರೋಹಿತನ ಕಡೆ ತಿರುಗಿದಳು.

"ಹಂಗಾರ ನಕ್ಷೆದಾಗ ನಿನ್ನ ಹೆಸರು?"

"ಸಾಹೇಬ್ರು ಹೇಳಿದಂಗ ಬರದೆ. ಅವತ್ತ ಬಾಯಿ ಬಿಡಬೇಕಿತ್ತು, ಹೆದರಿದೆ," ಅವನು ತಲೆ ಎತ್ತಲಿಲ್ಲ. "ಹೇಳಿದ್ರ ಯಾರೂ ನಂಬೂದಿಲ್ಲ. ನೆರಳಾಗ ಕುಂತ್ರ ನಂಬ್ತಾರ."

ಅವಳು ಕ್ಷಮೆ ಕೇಳುತ್ತ ನಿಲ್ಲಲಿಲ್ಲ. ಅಂಗಳದ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, ಕತ್ತರಿಸಿದ ತುದಿಗೆ ಗಂಟು ಹಾಕಿದಳು. ಅವನು ಏಣಿ ಹತ್ತಿದ, ಅವಳು ಕೆಳಗಿನಿಂದ ಎಳೆದಳು. ಸೀರೆಗಳು ಮತ್ತೆ ಮೇಲೇರುವುದಕ್ಕೂ ಓಣಿಯಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಸಾಹೇಬರು ಚಹಾ ಹಿಡಿದು ಅಂಗಳದಲ್ಲಿ ಕೂತರು. ಚಳಿಗೆ ಬಿಸಿಲು ಹುಡುಕುತ್ತ ಕುರ್ಚಿ ಸರಿಸಿದರು. ಮತ್ತೆ ಸರಿಸಿದರು. ಬೆನ್ನಿಗೆ ಮನೆಯ ಗೋಡೆ ತಾಗಿತು.

"ಇಲ್ಲಿ ಬಿಸಿಲ ಇಲ್ಲೇನು?"

"ನಿಮ್ಮ ಮಳಿಗಿ ತಲಿ ಮ್ಯಾಲೆ ಹತ್ತಿ ಕುಂತೈತ್ರೀ," ಎಂದಳು ಮಾಲವ್ವ.

ಸಾಹೇಬರು ತಲೆ ಎತ್ತಿ ಸೀರೆಗಳನ್ನು ನೋಡಿದರು. ಆಮೇಲೆ ನಕ್ಷೆ ಬಿಡಿಸಿ, ಮನೆಗಳ ಕಡೆಯ ಮೇಲಂತಸ್ತನ್ನು ಹೊಡೆದುಹಾಕಿ ರಸ್ತೆಯ ಕಡೆಗೆ ಸರಿಸಿದರು. "ಹಿತ್ತಲ ಹಾದಿ ಮಾತ್ರ ಮುಚ್ಚೂದೇ. ಅದಕ್ಕ ಏನೂ ಮಾಡಾಕ ಬರೂದಿಲ್ಲ." ಹೊರಡುವಾಗ ರೋಹಿತನತ್ತ ತಿರುಗಿದರು. "ಕಚೇರಿಗೆ ಬಾ. ಕೇಳದ ಇದನ್ನೆಲ್ಲಾ ಕಟ್ಟಿದ್ದಕ್ಕ ಮಾತಾಡೂದೈತಿ."

ಜೀಪು ಹೋಯಿತು. ಜೆನಿಫರಳ ಮುಖ ಬಾಡಿತು.

"ಕೆಲಸ ಹೋಕ್ಕೈತೇನು?"

"ಹೋದ್ರೂ ಹೋಗಬಹುದು. ಅದಕ್ಕಿಂತಾ ದೊಡ್ಡ ಚಿಂತಿ ಬ್ಯಾರೆ ಐತಿ... ಹಿತ್ತಲ ಹಾದಿ ಮುಚ್ಚಿದ್ರ ನಾ ಇನ್ನ ಹೆಂಗ ಬರ್ಲಿ?"

ಅವಳ ಕಣ್ಣು ತುಂಬಿತು. ತುಟಿ ಮಾತ್ರ ನಕ್ಕಿತು.

"ಮುಂಬಾಗಲಿಂದ ಬಾ. ಅವ್ವ ಮನ್ಯಾಗ ಇದ್ದಾಗ, ಓಣಿ ಎಲ್ಲಾ ನೋಡೂವಾಗ."

"ಬಂದು ಏನ ಹೇಳ್ಲಿ?"

"ಜೆನಿ ಇಲ್ಲದ ನನಗ ಆಗೂದಿಲ್ಲ ಅನ್ನು... ಆಗತೈತೇನು?"

"ಇಲ್ಲ," ಎಂದ ಅವನು, ಸೀರೆಗಳನ್ನು ಇಳಿಸುತ್ತ. "ಒಂದಿನಾನೂ ಆಗೂದಿಲ್ಲ."

"ಹಂಗಾರ ಇವನ್ನ ಮನಿ ಮನಿಗೆ ವಾಪಸ್ ಕೊಡೂಣು ನಡಿ," ಅವಳು ಅರ್ಧ ಹೊರೆ ತನ್ನ ತೋಳಿಗೆ ಹಾಕಿಕೊಂಡಳು. "ಇಬ್ಬರೂ ಕೂಡೇ."