ಕಪ್ಪು ತುಟಿಯ ಅನೌನ್ಸರ್

ಅನೌನ್ಸರ್ ಪಾತ್ರವನ್ನು ಪಲ್ಲವಿಯಿಂದ ತೆಗೆದು ಓಲಿವಿಯಾಗೆ ಕೊಟ್ಟರು.

ಹೊರದೇಶದ ಊರು ಗ್ಲೆನ್ ವೇವರ್ಲಿಯ ಒಂದು ಶಾಲೆಯಲ್ಲಿ ಐದನೇ ಕ್ಲಾಸಿನವರು ಬ್ರಿಟನ್ನಿನಲ್ಲಿ ಟೀವಿ ಶುರುವಾದ ದಿನಗಳ ನಾಟಕ ಮಾಡುತ್ತಿದ್ದರು. ಪಲ್ಲವಿ ಮೂರು ವಾರ ಕೂತು ಮಾತೆಲ್ಲ ಬಾಯಿಪಾಠ ಮಾಡಿದ್ದಳು.

“ತೊಂಬತ್ತು ವರ್ಷದ ಹಿಂದಿನ ಲಂಡನ್ ಅಲ್ವಾ? ಅನೌನ್ಸರ್ ಆಗಿನವರ ಥರಾನೇ ಕಾಣಬೇಕು,” ಅಂದರು ಮಿಸ್ ಹಾರ್ಪರ್. “ನೀನು ಮೇಕಪ್ ನೋಡ್ಕೋ, ಸ್ವೀಟಿ.”

“ಓಕೆ ಮಿಸ್,” ಅಂದಳು ಪಲ್ಲವಿ.

ಲೈಬ್ರರಿಯಿಂದ ಪುಸ್ತಕ ತಂದು ಓದಿದಳು. ಆ ಕಾಲದ ಕ್ಯಾಮೆರಾಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಟೀವಿಯಲ್ಲಿ ತುಟಿಯೇ ಮಾಯ! ಅದಕ್ಕೇ ಮುಖಕ್ಕೆ ಬಿಳಿ ಬಳಿದು ತುಟಿಗೆ ಕಪ್ಪು ಹಚ್ಚುತ್ತಿದ್ದರಂತೆ.

ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿ ಶಿವಲಿಂಗವ್ವನ, ಪಲ್ಲವಿಯ ಬಾಯಲ್ಲಿ ಆಯಿಯ, ಹತ್ತಿರ ಮನೆಯಲ್ಲೇ ಮಾಡಿದ ಕಾಡಿಗೆಯ ಡಬ್ಬಿ ಇತ್ತು.

“ಆಯಿ, ಕಾಡಿಗೆ ಬೇಕು. ತುಟಿಗೆ.”

“ತುಟಿಗೆ? ಕಣ್ಣಿಗೆ ಹಚ್ತೀನಂದ್ರ ಓಡಿ ಹೋಗ್ತಿ, ಹುಚ್ಚಿ! ಅದೇನು ನಿನ್ನ ನಾಟಕದಾಗ ಹಚ್ಕೋತಿಯೇನು?”

“ನಂಗಲ್ಲ, ಓಲಿವಿಯಾಗೆ. ನಾನು ಆಗಿನವರ ಥರ ಕಾಣಲ್ವಂತೆ.”

“ಹೌದೇನು? ಅದಕ್ಕ ನೀ ಏನಂದಿ?”

“ಓಕೆ ಅಂದೆ.”

ಆಯಿ ಡಬ್ಬಿ ಕೊಟ್ಟಳು. ತನ್ನ ಕೆಲಸಕ್ಕೆ ಎದ್ದು ಹೋದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪಲ್ಲವಿಗೆ.

ಶುಕ್ರವಾರ ರಿಹರ್ಸಲ್. ಸ್ಟೇಜ್ ಮೇಲೆ ಕುರ್ಚಿಯಲ್ಲಿ ಕೂತಿದ್ದ ಓಲಿವಿಯಾಳ ಮುಖಕ್ಕೆ ಪಲ್ಲವಿ ಬಿಳಿ ಬಳಿದಳು. ಗುಲಾಬಿ ಕೆನ್ನೆ ಹೋಯಿತು. ಮೂಗಿನ ಮೇಲಿನ ಕಂದು ಚುಕ್ಕೆಗಳೂ ಹೋದವು. ಆಮೇಲೆ ಬೆರಳಲ್ಲಿ ಕಾಡಿಗೆ ತೆಗೆದು ತುಟಿಗೆ ಹಚ್ಚಿದಳು.

ಓಲಿವಿಯಾ ಕನ್ನಡಿ ನೋಡಿ ಕಿರುಚಿದಳು. “ನಾನು ಝಾಂಬಿ! ನಮ್ಮಮ್ಮಂಗೂ ಗುರುತು ಸಿಗಲ್ಲ!”

ಎಲ್ಲರೂ ನಕ್ಕರು. “ಪರ್ಫೆಕ್ಟ್! ಆಗ ಹೀಗೇ ಇದ್ದಿದ್ದು,” ಅಂದರು ಮಿಸ್.

ಪಲ್ಲವಿ ನಗಲಿಲ್ಲ. ಆ ಬಿಳಿ ಮುಖವನ್ನೇ ನೋಡುತ್ತ ನಿಂತಳು. ಆ ಕ್ಯಾಮೆರಾಗೆ ಲಂಡನ್ನಿನವರ ಮುಖವೂ ಆಗಿಬಂದಿರಲಿಲ್ಲ.

“ಮಿಸ್, ಬಣ್ಣ ಹಚ್ಚಿದ್ಮೇಲೆ ಓಲಿವಿಯಾನೂ ಓಲಿವಿಯಾ ಥರ ಇಲ್ಲ. ಹಂಗಿದ್ರೆ ನಾನ್ಯಾಕೆ ಅನೌನ್ಸರ್ ಆಗಬಾರದು?”

ಮಿಸ್ ವಾಚ್ ನೋಡಿಕೊಂಡರು. “ಈಗ ಟೈಮಿಲ್ಲ, ಪಲ್ಲವಿ. ಸ್ಟೇಜಿಂದ ಇಳಿ.”

ಪಲ್ಲವಿ ಒಂದು ಕುರ್ಚಿ ಎಳೆದು ಓಲಿವಿಯಾಳ ಪಕ್ಕ ಹಾಕಿದಳು. ಓಲಿವಿಯಾ ಸ್ವಲ್ಪ ಸರಿದು ಜಾಗ ಬಿಟ್ಟಳು. ಪಲ್ಲವಿ ಕೂತಳು. ಬೆರಳಲ್ಲಿ ಉಳಿದಿದ್ದ ಕಪ್ಪನ್ನು ತನ್ನ ತುಟಿಗೆ ಹಚ್ಚಿಕೊಂಡಳು.

“ಪಲ್ಲವಿ, ಇಳಿ ಅಂದೆ.”

“ಇಳಿಯಲ್ಲ, ಮಿಸ್.”