ಬರ್ಫದ ಗಾಡಿಯ ಹಿಂದಿನ ಸೀಟು

"ಒಬ್ಬರಿಗೆ ಸೀಟ್ ಕೊಡೂದಿಲ್ರಿ ಮೇಡಮ್ಮಾರ. ಜೋಡಿ ಇದ್ರ ಬರ್ರಿ."

ಅಷ್ಟೇ ಮಾತು! ಟೇಬಲ್ಲಿನ ಆಚೆ ಕೂತವನು ತಲೆ ಎತ್ತಿ ನೋಡಲೂ ಇಲ್ಲ.

ನೇತ್ರಾಳಿಗೆ ಮೈಯೆಲ್ಲ ಉರಿದುಹೋಯಿತು. ಡ್ಯೂಟಿ ಮುಗಿಸಿ, ಬಿಸಿಲಲ್ಲಿ ನಡೆದುಕೊಂಡು, ಹಿಮದ ಪ್ರವಾಸಕ್ಕೆ ಹೆಸರು ಬರೆಸಲು ನವನಗರದ ಈ ಸಣ್ಣ ಟ್ರಾವೆಲ್ಸ್ ಆಫೀಸು ಹುಡುಕಿ ಬಂದದ್ದು ಈ ಮಾತು ಕೇಳಲಿಕ್ಕಾ?

"ಯಾಕ್ರಿ? ಒಬ್ಬಾಕಿ ಬಂದ್ರ ನಿಮ್ಮ ಬರ್ಫ ಕರಗಿ ಹೊಕ್ಕೈತೇನು?"

ಆಗ ಅವನು ತಲೆ ಎತ್ತಿದ. ಬಿಸಿಲಿಗೆ ಸುಟ್ಟ ಮುಖ, ಚಿಕ್ಕದಾಗಿ ಕತ್ತರಿಸಿದ ಕೂದಲು. ನಲವತ್ತರ ಹತ್ತಿರದ ವಯಸ್ಸು. ಕಣ್ಣಲ್ಲಿ ಮಾತ್ರ ಏನೋ ಒಂದು ದೂರ.

"ಬರ್ಫ ಕರಗೂದಿಲ್ರಿ," ಎಂದ ಮೆಲ್ಲಗೆ. "ಒಂದು ಗಾಡಿ ಮ್ಯಾಲ ಇಬ್ಬರ ಇರಬೇಕು. ಒಬ್ಬರು ಬಿದ್ರ ಇನ್ನೊಬ್ಬರು ಕೂಗಬೇಕಲ್ಲ? ಅಲ್ಲೆ ಬಿದ್ದವರ ದನಿ ಯಾರಿಗೂ ಕೇಳೂದಿಲ್ಲ."

"ನನ್ನ ದನಿ ಇಲ್ಲೂ ಯಾರಿಗೂ ಕೇಳೂದಿಲ್ಲ, ಬಿಡ್ರಿ."

ಅಯ್ಯೋ... ಯಾಕೆ ಅಂದುಬಿಟ್ಟೆ? ಗುರುತಿಲ್ಲದ ಮನುಷ್ಯನ ಮುಂದೆ! ನೇತ್ರಾ ಸರಕ್ಕನೆ ತಿರುಗಿ ಬಾಗಿಲ ತನಕ ನಡೆದಳು.

"ತಡೀರಿ."

ಅವನು ಎದ್ದು ನಿಂತಿದ್ದ.

"ನನ್ನ ಗಾಡಿ ಹಿಂದಿನ ಸೀಟು ಖಾಲಿ ಐತಿ. ನಡೀತೈತಂದ್ರ... ಬರ್ರಿ."

*

ಅವನ ಹೆಸರು ಹಣಮೇಶ. ಹುನಗುಂದ ತಾಲೂಕಿನ ಮರೋಳದವನು. ಸೈನ್ಯದಲ್ಲಿ ಬಹಳ ವರ್ಷ ಹಿಮದ ನಾಡಿನಲ್ಲೇ ಇದ್ದು, ಹಿಮದ ಮೇಲೆ ಓಡುವ ಸ್ನೋ ಸ್ಕೂಟರುಗಳನ್ನು ನಡೆಸಿ, ರಿಪೇರಿ ಮಾಡಿ, ನಿವೃತ್ತನಾಗಿ ಬಂದು ಈ ಟ್ರಾವೆಲ್ಸ್ ತೆರೆದಿದ್ದ. ಬರುವ ಫೆಬ್ರವರಿಯಲ್ಲಿ ಕಾಶ್ಮೀರದ ಒಂದು ಕಣಿವೆಗೆ ಕೆಲವರನ್ನು ಕರೆದೊಯ್ಯುವ ಯೋಜನೆ ಅವನದು. ಮೋಟಾರು ರಸ್ತೆ ಮುಗಿಯುವ ಕೊನೆಯ ಹಳ್ಳಿಯಿಂದ, ದೇವದಾರು ಕಾಡಿನೊಳಗೆ ಸ್ನೋ ಸ್ಕೂಟರಿನಲ್ಲೇ ಹೋಗಬೇಕು. ಗುಡ್ಡದ ಮೇಲೊಂದು ಕಟ್ಟಿಗೆಯ ಲಾಡ್ಜು. ಚಳಿಗಾಲದಲ್ಲಿ ಅಲ್ಲಿಗೆ ಬೇರೆ ದಾರಿಯೇ ಇಲ್ಲ.

ನೇತ್ರಾಳಿಗೆ ಮೂವತ್ತೇಳು. ನವನಗರದ ಖಾಸಗಿ ದವಾಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅವಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಇಳಕಲ್ಲಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅಣ್ಣ ಅಮರೇಶ ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಉಳಿದ ದಿನವೆಲ್ಲ ತಾಯಿ, ಮಗಳು, ಎರಡು ಕೋಣೆ.

ಅವ್ವನ ಮಂಚದ ಎದುರಿಗೆ ಹಿಮದ ಗುಡ್ಡದ ಚಿತ್ರವಿದ್ದ ಕ್ಯಾಲೆಂಡರ್ ಇತ್ತು. ವರ್ಷ ಕಳೆದರೂ ಅವ್ವ ಅದನ್ನು ತೆಗೆಯಗೊಡಲಿಲ್ಲ. ಬೇಸಿಗೆಯ ಉರಿಯಲ್ಲಿ ಅದನ್ನೇ ನೋಡುತ್ತ, "ಅಲ್ಲೆ ಹೋಗಿ ಕುಂತ್ರ ಮೈ ಉರಿ ಆರ್ತಿತ್ತೇನ ನೇತ್ರಾ?" ಎನ್ನುತ್ತಿದ್ದಳು.

ಅವ್ವ ಹೋಗಿ ವರ್ಷವಾಗಿತ್ತು. ಈಗ ನೇತ್ರಾ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆದರೆ ಸಂಜೆ ಮನೆಗೆ ಬಂದು ಬೀಗ ತೆಗೆದರೆ, "ಬಂದ್ಯಾ?" ಎನ್ನುವ ದನಿಯೇ ಇರಲಿಲ್ಲ. ಟಿವಿ ಹಚ್ಚಿಟ್ಟು ಅಡುಗೆ ಮಾಡುತ್ತಿದ್ದಳು, ಯಾರಾದರೂ ಮಾತಾಡುತ್ತಿರಲಿ ಎಂದು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಇನ್ನೂ ಕೈಗೆ ಹತ್ತಿರಲಿಲ್ಲ...

"ಒಬ್ಬಾಕಿ ಹೆಣಮಗಳು ಬರ್ಫದಾಗ ಏನ ಮಾಡಾಕಿ? ಸುಮ್ನ ಇಳಕಲ್ಲಿಗೆ ಬಾ," ಎಂದು ಅಮರೇಶ ಫೋನಿನಲ್ಲಿ ರೇಗಿದ.

"ಅಲ್ಲೆ ಬಂದು ನಿಮ್ಮ ಮನಿಯಾಗ ಏನ ಮಾಡ್ಲಿ ಅಣ್ಣಾ?"

ಅಣ್ಣ ಫೋನು ಇಟ್ಟುಬಿಟ್ಟ.

*

ಪ್ರತಿ ಭಾನುವಾರ ಟ್ರಾವೆಲ್ಸ್ ಆಫೀಸಿನಲ್ಲಿ ಎಲ್ಲರೂ ಸೇರುತ್ತಿದ್ದರು. ಬ್ಯಾಂಕಿನ ಅನಿಲಕುಮಾರ, ಅವನ ಹೆಂಡತಿ ರಾಜಶ್ರೀ, ಇನ್ನೆರಡು ಜೋಡಿ. ಎಲ್ಲರೂ ಗಂಡ ಹೆಂಡತಿ. ಕುರ್ಚಿಗಳು ಕೂಡ ಜೋಡಿ ಜೋಡಿಯಾಗಿ ಸರಿಯುತ್ತಿದ್ದವು. ನೇತ್ರಾಳ ಕುರ್ಚಿ ಮಾತ್ರ ತುದಿಯಲ್ಲಿ.

ಹಣಮೇಶ ನಕಾಶೆ ಹರಡಿ ಹೇಳುತ್ತಿದ್ದ. "ಇಲ್ಲೆ ಹಳ್ಳ ಬರ್ತೈತಿ, ಮ್ಯಾಲ ಬರ್ಫ ಗಟ್ಟಿ ಕಂಡ್ರೂ ನಂಬಬಾರದು. ನಾ ಮುಂದ ದಾಟಿದ ಮ್ಯಾಲ ನೀವು ಬರ್ರಿ. ಇಲ್ಲೆ ಏರು. ಮಧ್ಯಾಹ್ನದಾಗ ಮುಟ್ಟಬೇಕು, ಆಮ್ಯಾಲ ಮಂಜು ಇಳೀತೈತಿ."

ಎಲ್ಲರೂ ಹೋದ ಮೇಲೂ ನೇತ್ರಾ ಸ್ವಲ್ಪ ಹೊತ್ತು ಉಳಿಯುತ್ತಿದ್ದಳು. ಯಾವ ಸ್ವೆಟರು, ಯಾವ ಔಷಧಿ, ಯಾರ ಚೀಲದಲ್ಲಿ ಏನು... ಹಂಚಿಕೊಡುವ ಕೆಲಸ ತಾನಾಗಿಯೇ ಅವಳ ಕೈಗೆ ಬಂದಿತ್ತು. ಅವನು ಚಹಾ ತರಿಸುತ್ತಿದ್ದ.

"ಆ ಲಾಡ್ಜಿನಾಗ ಹೆಂಗಿರ್ತೈತ್ರಿ?" ಎಂದು ಒಂದು ಸಂಜೆ ಕೇಳಿದಳು.

"ಭಾಳ ಸುಮ್ನ ಇರ್ತೈತಿ. ನಮ್ಮ ಉಸರಿನ ಸಪ್ಪಳ ನಮಗ ಕೇಳಸ್ತೈತಿ."

"ಅದು ನನಗ ಇಲ್ಲೂ ಕೇಳಸ್ತೈತಿ."

ಹಣಮೇಶ ಗ್ಲಾಸು ಕೆಳಗಿಟ್ಟ. "ನನಗೂ," ಎಂದ. "ಊರಿಗೆ ಬಂದ್ರ ಮಂದಿ ನಡು ಇರ್ತೇನಿ ಅನ್ಕೊಂಡಿದ್ದೆ. ಲಗ್ನದ ವಯಸ್ಸು ಬರ್ಫದಾಗ ಹೋತು. ಗೆಳ್ಯಾರೆಲ್ಲ ಅವರವರ ಸಂಸಾರದಾಗ ಅದಾರ. ಮಾತಾಡ್ಸಿದ್ರ ಮಾತಾಡ್ತಾರ... ಅಷ್ಟ."

ನೇತ್ರಾ ಖಾಲಿ ಗ್ಲಾಸುಗಳನ್ನು ಎತ್ತಿಟ್ಟಳು. ಆ ದಿನ ಮನೆಗೆ ಹೋದವಳು ಟಿವಿ ಹಚ್ಚುವುದನ್ನು ಮರೆತಳು.

*

ಜನವರಿಯಲ್ಲಿ ಒಂದು ದಿನ ಎಲ್ಲರೂ ಬಾದಾಮಿ ಕಡೆ ಹೋದರು. ಹಣಮೇಶನ ಗೆಳೆಯನೊಬ್ಬ ಅಲ್ಲಿ ಪ್ರವಾಸಿಗರನ್ನು ನಾಲ್ಕು ಗಾಲಿಯ ಬೈಕಿನಲ್ಲಿ ಸುತ್ತಾಡಿಸುತ್ತಿದ್ದ. ಅದನ್ನೇ ತಂದು ಮಲಪ್ರಭೆಯ ಒಣಮರಳಿನ ಮೇಲೆ ಒಬ್ಬೊಬ್ಬರಿಗೂ ಅಭ್ಯಾಸ.

"ಸ್ನೋ ಸ್ಕೂಟರೂ ಹಿಂಗ ರಿ. ಬಲಗೈ ಹೆಬ್ಬೆರಳಿಗೆ ರೇಸು, ಎಡಗೈಗೆ ಬ್ರೇಕು. ಹಿಂದ ಕುಂತವರು ಮುಂದಿನವರ ಕೂಡ ವಾಲಬೇಕು. ಎದುರು ವಾಲಿದ್ರ ಇಬ್ರೂ ಬೀಳ್ತಾರ."

ನೇತ್ರಾಳ ಸರದಿ ಬಂತು. ಹಿಂದೆ ಕೂತಳು. ಕೈ ಎಲ್ಲಿಡಬೇಕೋ ತಿಳಿಯದೆ ಸೀಟಿನ ಕಬ್ಬಿಣ ಹಿಡಿದಳು. ಮೊದಲ ತಿರುವಿನಲ್ಲೇ ಹೆದರಿ ಎದುರು ದಿಕ್ಕಿಗೆ ವಾಲಿದಳು.

"ನನ್ನ ಕೂಡ ರಿ!" ಎಂದು ಕೂಗಿದ ಹಣಮೇಶ.

ಎರಡನೆಯ ತಿರುವಿಗೆ ಅವನ ಭುಜ ಹಿಡಿದು ಅವನ ಜೊತೆಗೇ ವಾಲಿದಳು. ಗಾಡಿ ನೀರಿನಂತೆ ತಿರುಗಿತು! ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅವಳು ಜೋರಾಗಿ ನಕ್ಕಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಮುಂದೆ ಹೊಳೆಯ ದಂಡೆ ಕುಸಿದು ಒಂದು ಗುಂಡಿ. ಗಾಡಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ... ಜಾರುತ್ತ ಹೋಗಿ, ಮುಂದಿನ ಗಾಲಿ ಅಂಚಿಗೆ ಬಂದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೇತ್ರಾ ಇನ್ನೂ ನಗುತ್ತಲೇ ಇದ್ದಳು.

ರಾಜಶ್ರೀ ಫೋಟೊ ಹೊಡೆದು ತೋರಿಸಿದಳು. "ನೋಡ್ರಿ ನೇತ್ರಾ, ಜೋಡಿ ಎಷ್ಟ ಚಂದ ಕಾಣಸ್ತೈತಿ! ಬೀಗತಿ ಆಗಾಕ ನಾ ತಯಾರ ಅದೇನಿ!"

ಎಲ್ಲರೂ ನಕ್ಕರು. ಮನೆಯವರ ಕಾರ್ಯಗಳಲ್ಲಿ ಯಾವಾಗಲೂ ಫೋಟೊ ತೆಗೆಯುವವಳು ನೇತ್ರಾ. ಚಿತ್ರದೊಳಗೆ ತಾನಿದ್ದು ಎಷ್ಟು ಕಾಲವಾಗಿತ್ತೋ. ನಾಚಿಕೊಂಡು ಹಣಮೇಶನ ಕಡೆ ನೋಡಿದಳು.

ಅವನು ನಗುತ್ತಿರಲಿಲ್ಲ. ಮುಖ ಸುಣ್ಣದಂತಾಗಿತ್ತು. ಫೋಟೊ ನೋಡದೆ ಎದ್ದು ಹೋದ.

*

ಮುಂದಿನ ಭಾನುವಾರ ಎಲ್ಲರ ಎದುರಿಗೆ ಅವನು ಹೇಳಿದ. "ಈ ಸಲ ನಾ ಬರೂದಿಲ್ಲ. ಅಲ್ಲಿಯವರೇ ಒಬ್ಬರು ನಿಮ್ಮನ್ನ ಕರಕೊಂಡು ಹೋಗ್ತಾರ. ನೇತ್ರಾ ಮೇಡಮ್ಮಾರು ಅವರ ಗಾಡಿ ಮ್ಯಾಲ ಕುಂದ್ರಲಿ."

ನೇತ್ರಾ ಔಷಧಿಯ ಪಟ್ಟಿ ಕೆಳಗಿಟ್ಟಳು. "ಯಾಕ್ರಿ?"

"ಅದ ಚಲೋ ರಿ ನಿಮಗ." ಅವಳತ್ತ ನೋಡದೆಯೇ ನಕಾಶೆ ಮಡಚಿದ.

ಅವಳಿಗೆ ಅರ್ಥವಾಯಿತು. ಇಲ್ಲ, ಅರ್ಥವಾಯಿತು ಎಂದುಕೊಂಡಳು. 'ರಾಜಶ್ರೀ ಚೇಷ್ಟೆಗೆ ಅಂದ ಮಾತು... ಅದಕ್ಕೇ ಇಷ್ಟು ಹೇಸಿಕೊಂಡನಾ? ನನ್ನ ಜೊತೆ ಹೆಸರು ಕೂಡಿದ್ದಕ್ಕೇ ಅಷ್ಟು ಅವಮಾನವಾಯಿತಾ?'

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಕೊಂಡಿದ್ದ ಉಣ್ಣೆ ಟೊಪ್ಪಿಗೆ, ಕೈಗವಸುಗಳನ್ನು ಟ್ರಂಕಿನ ತಳಕ್ಕೆ ತುರುಕಿದಳು. 'ನನ್ನ ಸೀಟು ತಗದ ಬಿಡ್ರಿ. ನಾ ಬರೂದಿಲ್ಲ' ಎಂದು ಮೆಸೇಜ್ ಕಳಿಸಿದಳು.

ಬೇಡ ಎನ್ನುತ್ತಾನೆ, ಒಂದು ಮಾತಾದರೂ ಕೇಳುತ್ತಾನೆ ಎಂದು ಫೋನು ಕೈಯಲ್ಲೇ ಹಿಡಿದಿದ್ದಳು.

'ಆಗ್ಲಿ ರಿ' ಎಂದು ಬಂತು.

ಅಷ್ಟೇ...

ಆಮೇಲಿನ ದಿನಗಳು ಮೊದಲಿಗಿಂತ ಖಾಲಿಯಾದವು. ಮೊದಲು ಯಾರೂ ಇಲ್ಲದ್ದು ರೂಢಿಯಾಗಿತ್ತು. ಈಗ ಒಬ್ಬನು ಇಲ್ಲದಿರುವುದು ಗೊತ್ತಾಗುತ್ತಿತ್ತು. ಲ್ಯಾಬಿನಲ್ಲಿ ಸೂಜಿ ಹಿಡಿದು ನಿಂತಾಗಲೂ ಕಣ್ಣು ತುಂಬಿ ಬರುತ್ತಿತ್ತು.

*

ಆ ಗುರುವಾರ ಬೆಳಿಗ್ಗೆ ಲ್ಯಾಬಿಗೆ ಒಬ್ಬ ಮುದುಕಿ ಬಂದಳು. ಹಣೆ ತುಂಬ ಅರಿಸಿನದ ಭಂಡಾರ.

"ಹೆಸರೇನಬೇ ಅವ್ವಾ?"

"ಹುಚ್ಚವ್ವ. ಮರೋಳದಾಕಿ. ಸಕ್ಕರಿ ಚೆಕ್ ಮಾಡಬೇಕಂತ ಬರದಾರ."

ಮರೋಳ! ಹಣಮೇಶನ ಊರು. ಏನೂ ಕೇಳಬಾರದೆಂದು ನೇತ್ರಾ ಮುದುಕಿಯ ರಟ್ಟೆಗೆ ಪಟ್ಟಿ ಬಿಗಿದಳು. ಮುದುಕಿಯೇ ಮಾತು ತೆಗೆದಳು.

"ನನ್ನ ರಕ್ತಾ ಇರ್ಲಿ, ನನ್ನ ಮಗನ ಕೈಯಾಗ ರಕ್ತ ಹರೀತೈತೋ ಇಲ್ಲೋ ಅದನ್ನ ನೋಡ್ರಿ ನೀವು. ಮಿಲ್ಟ್ರಿಯಾಗಿದ್ದಾಗ ಬರ್ಫ ಬಡದು ಎಡಗೈ ಬೆರಳು ಸತ್ತಾವ. ನೋಡಾಕ ಚಲೋ ಅದಾವ, ಕಸುವಿಲ್ಲ. ಮತ್ತ ಥಂಡಿಗೆ ಹೋದ್ರ ಕೈ ಹೋಗ್ತೈತಿ ಅಂತ ದಾಕ್ಟರ್ ಹೇಳ್ಯಾನ. ಕೇಳಬೇಕಲ್ಲ? ಟ್ರಾವೆಲ್ಸಿಗೆ ಬೀಗಾ ಹಾಕಿ ಊರಿಗೆ ಬಂದು ಕುಂತಾನ. ದಿನಾ ಬೋಗುಣಿ ತುಂಬ ಐಸ್ ಹಾಕ್ಕೊಂಡು, ಅದರಾಗ ಕೈ ಇಟ್ಟು, ಆಮ್ಯಾಲ ಬ್ರೇಕಿನ ಹಿಡಕಿ ಹಿಚಕ್ತಾನ. ಹಿಚಕ್ತಾನ, ಆಗೂದಿಲ್ಲ. ಮತ್ತ ಐಸಿನ್ಯಾಗ ಇಡ್ತಾನ."

ನೇತ್ರಾ ಸೂಜಿ ಕೈಗೆತ್ತಿಕೊಂಡಳು. "ಯಾಕ... ಯಾಕ ಹಂಗ ಮಾಡ್ತಾರ?"

"ಯಾರೋ ಒಬ್ಬ ಮೇಡಮ್ ಅದಾಳಂತ. ಆಕಿನ್ನ ಹಿಂದ ಕುಂದ್ರಿಸ್ಕೊಂಡು ಹೋಗಬೇಕು, ಬ್ರೇಕ್ ಹತ್ತಲಿಲ್ಲಂದ್ರ ಆಕಿ ಜೀವ ಹೊಕ್ಕೈತಿ ಅಂತಾನ. ಅದಕ್ಕ ಆಕಿಗೆ ಬ್ಯಾಡ ಅಂದು ಬಂದಾನಂತ. ಬ್ಯಾಡ ಅಂದ ಮ್ಯಾಲ ಯಾಕಲೇ ಐಸಿನ್ಯಾಗ ಕೈ ಇಡ್ತಿ ಅಂದ್ರ, ಸುಮ್ನ ಕುಂದರ್ತಾನ."

ನೇತ್ರಾ ಸೂಜಿಯನ್ನು ಟ್ರೇಯೊಳಗಿಟ್ಟುಬಿಟ್ಟಳು. ಮಲಪ್ರಭೆಯ ಮರಳು, ಅಂಚಿಗೆ ಬಂದು ನಿಂತ ಗಾಲಿ, ಸುಣ್ಣದಂತಾದ ಆ ಮುಖ... ತಾನು ನಗುತ್ತಿದ್ದಾಗ ಅವನು ಕಂಡದ್ದೇನು!

"ಅವ್ವಾ," ಎಂದಳು. "ಆ ಮೇಡಮ್ ನಾನ."

ಹುಚ್ಚವ್ವ ಅವಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಆಮೇಲೆ ಸಾವಕಾಶ ಹೇಳಿದಳು. "ಹಂಗಾರ ಲಗೂನ ನನ್ನ ರಕ್ತಾ ತಗೀಬೇ. ಹುನಗುಂದದ ಬಸ್ಸಿಗೆ ಇಬ್ರೂ ಕೂಡೇ ಹೋಗೂಣು."

*

ಮರೋಳದ ಮನೆಯ ಮುಂದಿನ ಕಟ್ಟೆಯ ಮೇಲೆ ಹಣಮೇಶ ಕೂತಿದ್ದ. ಪಕ್ಕದಲ್ಲಿ ಐಸಿನ ಬೋಗುಣಿ. ಅವ್ವನ ಹಿಂದೆ ಬಂದವಳನ್ನು ಕಂಡು ಗಡಬಡಿಸಿ ಎದ್ದ. ಬೋಗುಣಿ ಉರುಳಿ ಐಸೆಲ್ಲ ನೆಲಕ್ಕೆ ಚೆಲ್ಲಿತು.

"ನೀವು... ಇಲ್ಲಿ?"

"ಕೈ ತೋರಸ್ರಿ."

"ಏನಿಲ್ರಿ ಮೇಡಮ್ಮಾರ..."

"ತೋರಸ್ರಿ ಅಂದೆ!"

ನೇತ್ರಾ ತಾನೇ ಆ ಎಡಗೈ ಹಿಡಿದುಕೊಂಡಳು. ನೀಲಿಗಟ್ಟಿತ್ತು. ಸೆರಗಿನಲ್ಲಿ ಒರೆಸಿ, ಕಿರುಬೆರಳಿನ ತುದಿ ಒತ್ತಿದಳು.

"ಇಲ್ಲೆ ಮುಟ್ಟಿದ್ದು ಗೊತ್ತಾಗ್ತೈತೇನು?"

"ಇಲ್ಲ."

"ಇಲ್ಲೆ?"

"ಇಲ್ಲ."

ಅಂಗೈ ನಡುವೆ ಬೆರಳಿಟ್ಟಳು. "ಇಲ್ಲೆ?"

ಅವನು ತನ್ನ ಅಂಗೈ ನೋಡಿಕೊಂಡ. "ಗೊತ್ತಾಗ್ತೈತಿ," ಎಂದ. ಕಣ್ಣು ತುಂಬಿದ್ದವು.

"ಹೇಳಬೇಕಿತ್ತಿಲ್ಲೋ ನನಗ? ಜೋಡಿ ಅಂದದ್ದಕ್ಕ ಹೇಸಿಕೊಂಡ್ರಿ ಅಂತ ಎಷ್ಟ ಅತ್ತೇನಿ ಗೊತ್ತೈತೇನು?"

"ಹೇಸಿಕೊಳ್ಳೂದು?" ಹಣಮೇಶ ಅವಳ ಮುಖ ನೋಡಿದ. "ಆ ಮಾತು ಖರೆ ಆಗ್ಲಿ ಅಂತ ಅನಸ್ತು ನನಗ! ಆವತ್ತು ಬ್ರೇಕ್ ಹಿಡದೇನಿ ಅಂತ ತಿಳ್ಕೊಂಡಿದ್ದೆ. ಬೆರಳು ಹಿಡದಿದ್ದಿಲ್ಲ. ನೀವು ಹಿಂದ ನಗಾಕತ್ತಿದ್ರಿ... ಕೈಯಾಗ ಕಸುವಿಲ್ಲದವ ನಾ. ಯಾವ ಬಾಯಿಲೆ ಬರ್ರಿ ಅನ್ಲಿ?"

"ಇದ ಬಾಯಿಲೆ ಅನ್ರಿ."

"ಮತ್ತ ಗಾಡಿ?"

"ನಾ ನಡಸ್ತೇನಿ. ನೀವು ಹಿಂದ ಕುಂದ್ರರಿ. ಹಾದಿ ನಿಮಗ ಗೊತ್ತು, ನನ್ನ ಕೈ ಗಟ್ಟಿ ಅದಾವ. ಕಲಸ್ರಿ ನನಗ."

"ದಾಕ್ಟರ್ ಬ್ಯಾಡ ಅಂದಾರಲ್ಲ?"

"ಹಿಂದ ಕುಂತ್ರ ನಡೀತೈತೇನು ಅಂತ ಇನ್ನೊಮ್ಮೆ ಅವರನ್ನ ಕೇಳೂಣು. ಬ್ಯಾಡಂದ್ರ ಬ್ಯಾಡ. ಹಂಗಾರ ಆ ಲಾಡ್ಜಿನ ಆಸೆ ಬಿಟ್ಟು, ಇಲ್ಲೇ ಕೂಡಲಸಂಗಮದಾಗ ಹೊಳಿ ದಂಡಿಗೆ ಕುಂದ್ರೂಣು. ನನಗ ಬರ್ಫ ಒಂದ ಬೇಕಾಗಿಲ್ರಿ... ಕೂಡ ಕುಂದ್ರವರು ಬೇಕು."

ಒಳಗಿನಿಂದ ಹುಚ್ಚವ್ವ ಚಹಾಕ್ಕೆ ಬೆಲ್ಲ ಕುಟ್ಟುವ ಸದ್ದು ಕೇಳುತ್ತಿತ್ತು.

"ನಿಮ್ಮ ಅಣ್ಣಾರು ಏನಂತಾರ? ನಮ್ಮ ಮನಿತನ ಬ್ಯಾರೆ, ನಿಮ್ಮ ಮನಿತನ ಬ್ಯಾರೆ."

"ಬೈತಾರ. ಇಬ್ರೂ ಕೂಡಿ ಹೋಗಿ ಬೈಸ್ಕೊಳ್ಳೂಣು."

ಹಣಮೇಶ ನಕ್ಕ. ಅವನು ನಕ್ಕದ್ದನ್ನು ಅವಳು ಅದೇ ಮೊದಲು ಕಂಡಳು. ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು, ನಿಧಾನಕ್ಕೆ ಬಿಸಿಯಾಗುತ್ತಿತ್ತು.

"ನೇತ್ರಾ..." ಎಂದ ಅವನು. ಮೇಡಮ್ ಇಲ್ಲ, ರಿ ಇಲ್ಲ. "ಹಿಂದ ಕುಂತ್ರ ಈ ಕೈ ಎಲ್ಲಿಡ್ಲಿ? ಥಂಡಿ ತಡಿಯೂದಿಲ್ಲ ಅದು."

"ನನ್ನ ಜಾಕೀಟಿಗೆ ದೊಡ್ಡ ಕಿಸೆ ಐತಿ. ಅದರಾಗ ಇಡ್ರಿ. ನಾ ಸಾಕು ತಗೀರಿ ಅನ್ನೂತನಕ."

"ನೀ ಯಾವಾಗ ಅಂತಿ?"

"ನಾ ಅನ್ನೂದಿಲ್ಲ."