ಬದುಕಿದ್ದವನಿಗೆ ಶ್ರದ್ಧಾಂಜಲಿ

ಸೇವಂತಿಗೆ ಹಾರ ಹಿಡಿದು ಅಳುತ್ತಲೇ ಒಳಗೆ ಬಂದ ನಿರ್ಮಲಾ ಗಕ್ಕನೆ ನಿಂತಳು.

ಸತ್ತವನು ಕುರ್ಚಿಯ ಮೇಲೆ ಕುಳಿತು ಚುರಮರಿ ತಿನ್ನುತ್ತಿದ್ದ.

"ಬರ್ರಿ, ಯಾರು ಬೇಕಾಗಿತ್ರಿ?"

ಆ ಧ್ವನಿ... ಮೂರು ತಿಂಗಳು ಫೋನಿನಲ್ಲಿ ಕೇಳಿದ್ದ ಅದೇ ಧ್ವನಿ. ಅವಳು ಗೋಡೆ ಹಿಡಿದುಕೊಂಡಳು.

"ನೀವು... ಇದ್ದೀರೇನ್ರಿ?"

ಪ್ರಬುದ್ಧ ತಟ್ಟೆ ಕೆಳಗಿಟ್ಟು ಎದ್ದ. "ನಿರ್ಮಲಾ ಟೀಚರ ಏನ್ರಿ? ಹಾರ ಯಾರಿಗ್ರಿ?"

"ನಿಮಗ."

ಪ್ರಬುದ್ಧನದು ರೋಣದಲ್ಲಿ ಫ್ಲೆಕ್ಸ್ ಅಂಗಡಿ, ಅದರ ಹಿಂದೆಯೇ ಮನೆ. ತಿಂಗಳಿಗೊಮ್ಮೆ ಪಡಸಾಲೆಯಲ್ಲಿ ಪರದೇಶದ ಸಿನಿಮಾ ತೋರಿಸುವ ಹುಚ್ಚು ಅವನಿಗೆ. ಈ ಸಲದ್ದು ಜರ್ಮನ್ ಸಿನಿಮಾ. ಒಬ್ಬಂಟಿ ದರ್ಜಿಯೊಬ್ಬ, ತನಗಾಗಿ ಅಳುವವರು ಯಾರಾದರೂ ಇದ್ದಾರೋ ನೋಡೋಣವೆಂದು, ತಾನು ಸತ್ತೆನೆಂದು ಪೇಪರಿನಲ್ಲಿ ಹಾಕಿಸುತ್ತಾನೆ. ಹೆಣದ ಪೆಟ್ಟಿಗೆಯಲ್ಲಿ ಮಲಗಿ ಕಾದರೆ, ಬಂದವನು ಹೊಲಿಯಲು ಕೊಟ್ಟ ಪ್ಯಾಂಟು ಕೇಳುವ ಗಿರಾಕಿ! ನಗಬೇಕೋ ಅಳಬೇಕೋ ತಿಳಿಯದ ಸಿನಿಮಾ.

ಅದರ ಮಾತುಗಳನ್ನು ಕನ್ನಡಕ್ಕೆ ತಂದವಳು ಹೊಳೆಆಲೂರಿನ ಇಂಗ್ಲಿಷ್ ಟೀಚರ್ ನಿರ್ಮಲಾ. ವಯಸ್ಸು ಮೂವತ್ತೇಳು. ಕನ್ಯಾ ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, 'ತಿಳಸ್ತೀವ್ರಿ' ಎಂದು ಹೋದವರು ಹೋಗಿಯೇ ಬಿಟ್ಟಿದ್ದರು. ಪ್ರಬುದ್ಧ ದಿನಾ ಸಂಜೆ ಫೋನು ಮಾಡಿ ಸಿನಿಮಾದ ಕೆಳಗೆ ಇಂಗ್ಲಿಷಿನಲ್ಲಿ ಬರುವ ಹತ್ತು ಮಾತು ಓದುತ್ತಿದ್ದ, ಇವಳು ಕನ್ನಡದಲ್ಲಿ ಹೇಳುತ್ತಿದ್ದಳು. ಹತ್ತು ಮುಗಿದ ಮೇಲೂ ಫೋನು ಇಡುವ ಮನಸ್ಸು ಇಬ್ಬರಿಗೂ ಬರುತ್ತಿರಲಿಲ್ಲ. ಇದಕ್ಕೆ ಪ್ರೀತಿ ಅನ್ನದೆ ಇನ್ನೇನು ಅನ್ನಬೇಕು? ಆದರೆ ಬಾಯಿ ಬಿಡಬೇಕಲ್ಲ! ಇಬ್ಬರೂ ಬಾಯಿಗೆ ಕಡುಬು ತುರುಕಿಕೊಂಡವರ ಹಾಗೆ ಇದ್ದುಬಿಟ್ಟರು.

ಇಂದು ಸಿನಿಮಾದ ನೆಪದಲ್ಲಾದರೂ ಅವನನ್ನು ಕಣ್ಣಾರೆ ನೋಡೋಣವೆಂದು ಹೊಸ ಸೀರೆ ಉಟ್ಟು ಬಂದಿದ್ದಳು. ರೋಣದ ಬಸ್ ನಿಲ್ದಾಣದಲ್ಲಿ ಇಳಿದರೆ, ಫೋನಿನಲ್ಲಿ ದಿನಾ ಕದ್ದು ನೋಡುತ್ತಿದ್ದ ಮುಖ ಕಂಬದ ಮೇಲಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗಿದ್ದ ಸಿನಿಮಾದ ಹೆಸರು, ವೇಳೆ ಎಲ್ಲ ಬಾಳೆಹಣ್ಣಿನ ಗಾಡಿಯ ಹಿಂದೆ ಮರೆಯಾಗಿದ್ದವು. ಕಂಬಕ್ಕೊಂದು ಸತ್ತವರ ಫ್ಲೆಕ್ಸ್ ಕಟ್ಟುವ ಊರಿನಲ್ಲಿ ಯಾರಿಗೆ ತಾನೇ ಅನುಮಾನ ಬಂದೀತು? ದರ್ಜಿಯ ಕಥೆ ಬಾಯಿಪಾಠವಿದ್ದ ನಿರ್ಮಲಾಳಿಗೂ ಬರಲಿಲ್ಲ.

"ಅದು... ಸಿನಿಮಾದ ಜಾಹೀರಾತ್ರಿ," ಪ್ರಬುದ್ಧ ತೊದಲಿದ.

ಅವಳ ಅಳು ನಿಂತಿತು. ಆ ದರ್ಜಿಯ ಹಾಗೆ ಇವನೂ ನನ್ನ ಕಣ್ಣೀರು ಪರೀಕ್ಷೆ ಮಾಡಿದನೇ?

"ಯಾರು ಅಳ್ತಾರಂತ ನೋಡಬೇಕಾಗಿತ್ತೇನ್ರಿ? ನೋಡಿದ್ರಲ್ಲ. ಬಸ್ ಸ್ಟ್ಯಾಂಡಿನಿಂದ ಇಲ್ಲೀತನಕ ಮಂದಿ ಮುಂದ ಅಳಕೋಂತ ಬಂದೇನಿ. ಇದ್ದೊಂದು ಮರ್ಯಾದಿನೂ ಹೋತು. ನಾ ಹೊಂಟೆ. ಇನ್ನ ಫೋನ್ ಮಾಡಬ್ಯಾಡ್ರಿ."

ಹಾರ ಕುರ್ಚಿಯ ಮೇಲೆ ಎಸೆದು ಬಾಗಿಲಿಗೆ ನಡೆದಳು.

"ಖರೇ ಹೇಳ್ತೇನಿ ಟೀಚರ, ಪರೀಕ್ಷಾ ಅಲ್ಲರಿ. ಫ್ಲೆಕ್ಸಿಗೆ ಒಂದ ಫೋಟೋ ಬೇಕಾಗಿತ್ತು. ಗೆಳ್ಯಾ ಯೂಸುಫಗ ಕೇಳಿದ್ನಿ, ಅವನ ಹೆಣ್ತಿ ಲಟ್ಟಣಗಿ ಹಿಡಕೊಂಡ ಬಂದ್ಲು. ಬಾಜೂ ಅಂಗಡಿ ಶಿವನಪ್ಪಗ ಕೇಳಿದ್ನಿ, ಅವರವ್ವ ಹಿಡಿಶಾಪ ಹಾಕಿದ್ಲು. ಬದುಕಿದ್ದವರ ಫೋಟೋ ಹಂಗ ಹಾಕೂದು ಅಪಶಕುನ ಅಂತ." ಪ್ರಬುದ್ಧ ತಲೆ ತಗ್ಗಿಸಿದ. "ನನ್ನ ಫೋಟೋ ಹಾಕಿದ್ರ ಬೈಯೋರು ಯಾರೂ ಇಲ್ಲಲ್ಲರಿ... ಅದಕ್ಕ ನಂದ ಹಾಕಿದ್ನಿ."

ನಿರ್ಮಲಾ ಹೊಸ್ತಿಲ ಮೇಲೇ ನಿಂತಳು. 'ಬೈಯುವವರೂ ಇಲ್ಲದ ಬದುಕೇ ಇವನದು?'

ತಿರುಗಿ ಬಂದಳು.

"ಬುದ್ಧಿ ಐತೇನ್ರಿ ನಿಮಗ? ನಲವತ್ತ ದಾಟಿದ ಮನಷ್ಯಾ, ತನ್ನ ಶ್ರದ್ಧಾಂಜಲಿ ತಾನ ಕಟ್ಟತಾನಂತ. ನಿಮಗೇನರ ಆಗಿದ್ರ ನಾ ಹ್ಯಾಂಗ ಇರಬೇಕಿತ್ತು? ಸಂಜಿ ಆದ್ರ ಯಾರ ಜೋಡಿ ಮಾತಾಡಬೇಕಿತ್ತು? ಲಗೂ ಹೋಗಿ ಅದನ್ನ ಬಿಚ್ಚಿ ಬರ್ರಿ."

ಪ್ರಬುದ್ಧ ಅಲ್ಲಾಡಲಿಲ್ಲ. ಕಣ್ಣು ತುಂಬಿದ್ದವು, ತುಟಿಯ ಮೇಲೆ ಮಾತ್ರ ನಗು.

"ಬೈದ್ರ ನಗತೀರಲ್ರಿ?"

"ಅವ್ವ ಹೋದಮ್ಯಾಲೆ ಇದ ಮೊದಲನೇ ಸಲರಿ ನನಗ ಯಾರರ ಬೈದದ್ದು... ಇನ್ನೊಂದೀಟ ಬೈರಿ."

ನಿರ್ಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇವತ್ತಿಗೆ ಇಷ್ಟ ಸಾಕು," ಎಂದಳು. "ಉಳಿದದ್ದು ಮದಿವಿ ಆದಮ್ಯಾಲೆ."